ಹೆಚ್ಚು ಓಡಿದ ಡೀಸೆಲ್ ಪಿಕಪ್: ಬಾಕಿ ಬಿದ್ದ ಸರ್ವಿಸನ್ನು ಹಂತ ಹಂತವಾಗಿ ಮುಗಿಸುವ ಬಗೆ

2,00,000 ಕಿಲೋಮೀಟರ್ ದಾಟಿದ ಡೀಸೆಲ್ ಪಿಕಪ್ಪನ್ನು ಎರಡನೆಯ ಅಥವಾ ಮೂರನೆಯ ಮಾಲೀಕರಾಗಿ ಕೊಂಡವರಿಗೆ ಗಾಡಿಯ ಜೊತೆಯಲ್ಲಿ ಪೂರ್ತಿ ತುಂಬಿದ ಸರ್ವಿಸ್ ಪುಸ್ತಕ ಸಿಗುವುದು ಅಪರೂಪ. ಸಿಕ್ಕರೂ ಮೊದಲ ಕೆಲವು ವರ್ಷಗಳ ಮುದ್ರೆಗಳಿದ್ದು ಆಮೇಲಿನ ಪುಟಗಳು ಖಾಲಿಯಾಗಿರುತ್ತವೆ. ‘ಎಲ್ಲ ಈಗಷ್ಟೇ ಮಾಡಿಸಿದ್ದೇನೆ’ ಎಂಬ ಮಾರಾಟಗಾರರ ಮಾತನ್ನು ರಸೀದಿ ಇಲ್ಲದೆ ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. ದಾಖಲೆ ಇಲ್ಲದ ಕೆಲಸ ಆಗಿಯೇ ಇಲ್ಲ ಎಂದುಕೊಂಡು ಹೊರಡುವುದೇ ಕ್ಷೇಮ. ಹಾಗೆಂದು ಒಂದೇ ದಿನದಲ್ಲಿ ಎಲ್ಲವನ್ನೂ ಬಿಚ್ಚಿ, ಇದ್ದದ್ದನ್ನೆಲ್ಲ ಸುರಿದು, ಹೊಸದನ್ನು ತುಂಬಿಸಿಬಿಟ್ಟರೆ ದೊಡ್ಡದೊಂದು ನಷ್ಟವಾಗುತ್ತದೆ. ಎಂಜಿನ್ನಿನೊಳಗಿನ ಹಳೆಯ ಆಯಿಲ್, ಫಿಲ್ಟರಿನ ತಳದಲ್ಲಿ ನಿಂತ ನೀರು, ಡ್ರೈನ್ ಬೋಲ್ಟಿನ ಅಯಸ್ಕಾಂತಕ್ಕೆ ಅಂಟಿದ ಲೋಹದ ಪುಡಿ, ಇವೇ ಆ ಗಾಡಿಯ ಸುಳ್ಳು ಹೇಳದ ಸರ್ವಿಸ್ ಪುಸ್ತಕ. ಅದನ್ನು ಓದದೆ ಚೆಲ್ಲಿದರೆ ಮುಂದೆ ತೊಂದರೆ ಕಾಣಿಸಿಕೊಂಡಾಗ ಅದು ಮೊದಲೇ ಇದ್ದದ್ದೋ ಹೊಸ ಕೆಲಸದಿಂದ ಬಂದದ್ದೋ ಎಂಬುದು ಯಾರಿಗೂ ತಿಳಿಯುವುದಿಲ್ಲ.

ಆದ್ದರಿಂದ ಇಲ್ಲಿ ಹೇಳಿರುವ ಕ್ರಮಕ್ಕೆ ಎರಡೇ ನಿಯಮಗಳಿವೆ. ಕೆಟ್ಟರೆ ಪ್ರಾಣಕ್ಕೆ ಕುತ್ತು ತರುವ ಭಾಗ ಮೊದಲು, ಕೆಟ್ಟರೆ ಎಂಜಿನ್ನನ್ನೇ ಮುಗಿಸುವ ಭಾಗ ಆಮೇಲೆ, ಉಳಿದದ್ದೆಲ್ಲ ಕೊನೆಗೆ ಎಂಬುದು ಒಂದು. ಹೊರಗೆ ಬಂದದ್ದನ್ನು ನೋಡಿ ಬರೆದಿಟ್ಟುಕೊಳ್ಳದೆ ಹೊಸದನ್ನು ಹಾಕಬಾರದು ಎಂಬುದು ಇನ್ನೊಂದು.

ಹಂತ 1: ಏನನ್ನೂ ಬಿಚ್ಚುವ ಮೊದಲು

ಮೊಟ್ಟಮೊದಲು ಆ ಮಾದರಿಯ ವರ್ಕ್‌ಶಾಪ್ ಮ್ಯಾನುಯಲ್ ಸಂಪಾದಿಸಿಕೊಳ್ಳಬೇಕು. ಯಾವ ದರ್ಜೆಯ ಆಯಿಲ್, ಎಷ್ಟು ಲೀಟರ್, ಯಾವ ಬೋಲ್ಟಿಗೆ ಎಷ್ಟು ಬಿಗಿ ಎಂಬುದಕ್ಕೆಲ್ಲ ಅದೇ ಆಧಾರ. ಒಂದೇ ಹೆಸರಿನ ಪಿಕಪ್ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಎಂಜಿನ್ ಹೊತ್ತು ಬಂದಿರುವುದು ಸಾಮಾನ್ಯವಾದ್ದರಿಂದ ಬಿಡಿಭಾಗಗಳನ್ನು ಮಾದರಿಯ ಹೆಸರಿನಿಂದಲ್ಲದೆ ಚಾಸಿ ನಂಬರಿನಿಂದಲೇ ಹುಡುಕಬೇಕು.

ಅನಂತರ ರಾತ್ರಿಯಿಡೀ ನಿಂತು ಪೂರ್ತಿ ತಣ್ಣಗಾದ ಎಂಜಿನ್ನನ್ನು ಸ್ಟಾರ್ಟ್ ಮಾಡಿ ನೋಡಬೇಕು. ಒಬ್ಬರು ಸೀಟಿನಲ್ಲಿರಲಿ, ಇನ್ನೊಬ್ಬರು ಸೈಲೆನ್ಸರಿನ ಬಳಿ ನಿಲ್ಲಲಿ. ಸ್ಟಾರ್ಟ್ ಆದ ಕೂಡಲೇ ಬಂದು ಒಂದೆರಡು ನಿಮಿಷದಲ್ಲಿ ಮಾಯವಾಗುವ ಬಿಳಿ ಹೊಗೆ ಉರಿಯದ ಡೀಸೆಲ್ಲಿನದು. ತಣ್ಣನೆಯ ಎಂಜಿನ್ ಸ್ಟಾರ್ಟ್ ಆಗಲು ಸಿಲಿಂಡರನ್ನು ಬಿಸಿಮಾಡುವ ಗ್ಲೋ ಪ್ಲಗ್ ಕೆಟ್ಟಿರಬಹುದು ಅಥವಾ ಒಂದು ಸಿಲಿಂಡರಿನ ಕಂಪ್ರೆಶನ್ (ಒಳಗಿನ ಗಾಳಿಯ ಒತ್ತಡ) ಕಡಿಮೆಯಾಗಿರಬಹುದು. ಎಂಜಿನ್ ಬಿಸಿಯಾದ ಮೇಲೂ ನಿಲ್ಲದೆ, ಸಿಹಿ ವಾಸನೆ ಹೊತ್ತು ಬರುವ ಬಿಳಿ ಹೊಗೆ ಕೂಲಂಟಿನದು. ನೀಲಿ ಹೊಗೆಯೆಂದರೆ ಟರ್ಬೊ, ವಾಲ್ವ್ ಸೀಲ್ ಅಥವಾ ರಿಂಗುಗಳ ಮೂಲಕ ಆಯಿಲ್ ಸುಡುತ್ತಿದೆ. ಎಳೆಯುವಾಗ ಕಪ್ಪು ಹೊಗೆ ಬಂದರೆ ಗಾಳಿ ಸಾಲುತ್ತಿಲ್ಲ ಅಥವಾ ಇಂಜೆಕ್ಟರ್ ಹೆಚ್ಚು ಡೀಸೆಲ್ ಸುರಿಯುತ್ತಿದೆ. ಎಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗ ಆಯಿಲ್ ತುಂಬುವ ಮುಚ್ಚಳವನ್ನು ಬಿಚ್ಚಿ ಬೋರಲಾಗಿ ಅದೇ ಬಾಯಿಯ ಮೇಲೆ ಇಟ್ಟಾಗ ಅದು ಸ್ವಲ್ಪ ಕುಣಿದರೆ ಚಿಂತೆಯಿಲ್ಲ, ಹಾರಿ ಬಿದ್ದರೆ ರಿಂಗುಗಳನ್ನು ದಾಟಿ ಗ್ಯಾಸ್ ಕೆಳಗಿಳಿಯುತ್ತಿದೆ ಎಂದು ಅನುಮಾನಿಸಬೇಕು. ಇದು ಒರಟು ಪರೀಕ್ಷೆ. ಅನುಮಾನ ಬಂದರೆ ಕಂಪ್ರೆಶನ್ ಪರೀಕ್ಷೆಯನ್ನೇ ಮಾಡಿಸಿ, ಮುಂದಿನ ಖರ್ಚನ್ನು ಆ ಫಲಿತಾಂಶ ನೋಡಿ ನಿರ್ಧರಿಸುವುದು ಒಳ್ಳೆಯದು. ಸೋತ ಎಂಜಿನ್ನಿಗೆ ಹೊಸ ಇಂಜೆಕ್ಟರ್ ಹಾಕಿಸುವುದರಲ್ಲಿ ಅರ್ಥವಿಲ್ಲ.

ಗಾಡಿಯಲ್ಲಿ ಓಬಿಡಿ ಸಾಕೆಟ್ (ಗಾಡಿಯ ಕಂಪ್ಯೂಟರಿಗೆ ಸ್ಕ್ಯಾನರ್ ಜೋಡಿಸುವ ಜಾಗ) ಇದ್ದರೆ ಸ್ಕ್ಯಾನರ್ ಚುಚ್ಚಿ, ಕಾಣುವ ದೋಷದ ಕೋಡುಗಳನ್ನೆಲ್ಲ ಅಳಿಸುವ ಮೊದಲು ಬರೆದುಕೊಳ್ಳಬೇಕು. ಕೋಡ್ ಅಳಿಸಿದ ಮೇಲೆ ಓಡಿದ ದೂರವನ್ನೂ ಬಹಳಷ್ಟು ಗಾಡಿಗಳು ತೋರಿಸುತ್ತವೆ. ಕೊಳ್ಳುವ ಮುನ್ನಾದಿನವಷ್ಟೇ ಅಳಿಸಿದ್ದು ಕಂಡರೆ, ಒಂದೇ ಒಂದು ಕೋಡ್ ಇಲ್ಲದ ಪರದೆಯನ್ನು ನಂಬಿ ಕೂರಬಾರದು.

ಹಂತ 2: ನಿಲ್ಲಿಸುವ ಮತ್ತು ತಿರುಗಿಸುವ ಭಾಗಗಳು

ಗಾಡಿಯನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ನೆಲದಲ್ಲಿ ಉಳಿಯುವ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಜಾಕಿನಿಂದ ಎತ್ತಿದ ಮೇಲೆ ಚಾಸಿಯ ಕೆಳಗೆ ಸ್ಟ್ಯಾಂಡ್ ಇಡಬೇಕು. ಬರಿಯ ಜಾಕ್ ನಂಬಿ ಗಾಡಿಯ ಅಡಿಗೆ ಹೋಗುವ ಪ್ರಶ್ನೆಯೇ ಇಲ್ಲ.

ಚಕ್ರವನ್ನು ಮೇಲೆ ಮತ್ತು ಕೆಳಗೆ ಹಿಡಿದು ಅಲುಗಿಸಿದಾಗ ಆಟ ಕಂಡರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಸವೆದಿದೆ. ಎಡ ಮತ್ತು ಬಲ ಅಂಚು ಹಿಡಿದು ಅಲುಗಿಸಿದಾಗ ಕಂಡರೆ ಟೈ ರಾಡ್ ಕಡೆ ನೋಡಬೇಕು. ಟೈರಿನ ಪಕ್ಕದ ಗೋಡೆಯಲ್ಲಿ ‘ಡಾಟ್’ ಸಂಕೇತದ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ: 2319 ಎಂದಿದ್ದರೆ 2019ರ 23ನೆಯ ವಾರ. ಮೇಲ್ಮೈಯ ಗೆರೆಗಳು ಆಳವಾಗಿದ್ದರೂ ರಬ್ಬರ್ ಬಿರುಕು ಬಿಟ್ಟ ಹಳೆಯ ಟೈರು ಹೇರು ಹೊರುವ ಪಿಕಪ್ಪಿಗೆ ತಕ್ಕದ್ದಲ್ಲ. ಚಾಸಿಯ ಅಡಿಯಲ್ಲಿ ನೇತಾಡುವ ಸ್ಟೆಪ್ನಿಯನ್ನೂ ಇಳಿಸಿ ನೋಡಬೇಕು. ವರ್ಷಗಟ್ಟಲೆ ಯಾರೂ ಮುಟ್ಟದ ಟೈರು ಅದೇ.

ಬ್ರೇಕ್ ಫ್ಲೂಯಿಡ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ದ್ರವ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಸುಮಾರು 3.7 ಶೇಕಡಾ ನೀರು ಸೇರಿದರೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಹೇರು ತುಂಬಿಕೊಂಡು ಉದ್ದನೆಯ ಇಳಿಜಾರಿನಲ್ಲಿ ಇಳಿಯುವಾಗ ಈ ವ್ಯತ್ಯಾಸವೇ ಪೆಡಲ್ ಕೆಳಗೆ ಹೋಗುವುದಕ್ಕೆ ಕಾರಣವಾಗಬಲ್ಲದು. ಆದ್ದರಿಂದ ದಾಖಲೆ ಇಲ್ಲದ ಗಾಡಿಯಲ್ಲಿ ಇದನ್ನು ಪೂರ್ತಿ ಬದಲಿಸಬೇಕು. ಬ್ರೇಕ್ ಪೈಪುಗಳೊಳಗಿನ ಏರ್ ತೆಗೆಯುವಾಗ ಪೆಡಲನ್ನು ನೆಲ ಮುಟ್ಟುವವರೆಗೆ ತುಳಿಯಬಾರದು. ಹಳೆಯ ಮಾಸ್ಟರ್ ಸಿಲಿಂಡರಿನಲ್ಲಿ ಪಿಸ್ಟನ್ ದಿನವೂ ಓಡಾಡುವ ಜಾಗ ನುಣುಪಾಗಿದ್ದು, ಅದರಾಚೆಯ ಭಾಗದಲ್ಲಿ ತುಕ್ಕು ಕೂತಿರುತ್ತದೆ. ಪೂರ್ತಿ ತುಳಿದರೆ ರಬ್ಬರ್ ಸೀಲ್ ಆ ತುಕ್ಕಿನ ಮೇಲೆ ಉಜ್ಜಿ ಹರಿಯುತ್ತದೆ. ಪೆಡಲಿನ ಕೆಳಗೆ ಒಂದು ಮರದ ತುಂಡು ಇಟ್ಟರೆ ಸಾಕು. ಎಬಿಎಸ್ ಇರುವ ಕೆಲವು ಗಾಡಿಗಳಲ್ಲಿ ಏರ್ ತೆಗೆಯಲು ಸ್ಕ್ಯಾನರಿನ ಸಹಾಯವೂ ಬೇಕಾಗುತ್ತದೆ.

ಹಿಂದಿನ ಡ್ರಮ್ಮುಗಳನ್ನು ಬಿಚ್ಚಿ ವೀಲ್ ಸಿಲಿಂಡರಿನ ರಬ್ಬರ್ ಟೋಪಿಯನ್ನು ಎತ್ತಿ ನೋಡಿದಾಗ ಒಳಗೆ ಒದ್ದೆಯಿದ್ದರೆ ಸೋರಿಕೆ ಶುರುವಾಗಿದೆ. ಬಹಳಷ್ಟು ಪಿಕಪ್ಪುಗಳಲ್ಲಿ ಹಿಂದಿನ ಆಕ್ಸಲ್ಲಿಗೆ ಸರಳು ಜೋಡಿಸಿದ ಒಂದು ವಾಲ್ವ್ ಇರುತ್ತದೆ. ಹೇರಿಗೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡ ಹೆಚ್ಚುಕಡಿಮೆ ಮಾಡುವುದು ಅದರ ಕೆಲಸ. ತುಕ್ಕು ಹಿಡಿದು ಅದು ಅಲುಗದೇ ಇರುವುದನ್ನು ಎಷ್ಟೋ ಮೆಕ್ಯಾನಿಕ್‌ಗಳು ಗಮನಿಸುವುದೇ ಇಲ್ಲ.

ಗಾಡಿಯ ಅಡಿಯಲ್ಲಿದ್ದಾಗಲೇ ಚಾಸಿಯ ಉದ್ದಕ್ಕೂ ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋಗಬೇಕು. ಗಟ್ಟಿ ಕಬ್ಬಿಣ ಟಣ್ಣೆನ್ನುತ್ತದೆ. ತುಕ್ಕು ತಿಂದ ಜಾಗ ಮಂಕಾಗಿ ಸದ್ದು ಮಾಡಿ ಹಕ್ಕಳೆ ಉದುರಿಸುತ್ತದೆ. ಸ್ಪ್ರಿಂಗಿನ ಹ್ಯಾಂಗರುಗಳ ಬಳಿ ಮತ್ತು ಹಿಂದಿನ ಆಕ್ಸಲ್ಲಿನ ಮೇಲೆ ಚಾಸಿ ಬಾಗುವ ಕಡೆ ಹೆಚ್ಚು ಗಮನವಿರಲಿ. ಅಲ್ಲಿ ತೂತು ಬಿದ್ದಿದ್ದರೆ ಉಳಿದ ಹಂತಗಳನ್ನೆಲ್ಲ ಬದಿಗಿಟ್ಟು ಮೊದಲು ಅದರ ದುರಸ್ತಿ ಸಾಧ್ಯವೇ ಎಂದು ತಿಳಿದುಕೊಳ್ಳಬೇಕು.

ಹಂತ 3: ಟೈಮಿಂಗ್ ಬೆಲ್ಟ್

ಪಿಸ್ಟನ್ ಮತ್ತು ವಾಲ್ವುಗಳ ಚಲನೆಯನ್ನು ಹೊಂದಿಸಿಡಲು ಎಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟ್ ಇದೆಯೋ ಚೈನ್ ಇದೆಯೋ ಗೇರುಗಳಿವೆಯೋ ಎಂಬುದನ್ನು ಮ್ಯಾನುಯಲ್ ನೋಡಿ ಖಚಿತಪಡಿಸಿಕೊಳ್ಳಬೇಕು. ಬೆಲ್ಟ್ ಇದ್ದು, ಅದನ್ನು ಬದಲಿಸಿದ್ದಕ್ಕೆ ರಸೀದಿ ಇಲ್ಲದಿದ್ದರೆ ಬೇರೆ ಯಾವ ಎಂಜಿನ್ ಕೆಲಸಕ್ಕೂ ಮೊದಲು ಅದನ್ನೇ ಬದಲಿಸಬೇಕು. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ ಮತ್ತು ವಾಲ್ವುಗಳ ನಡುವೆ ಜಾಗ ಬಹಳ ಕಡಿಮೆಯಾದ್ದರಿಂದ ಓಡುವಾಗ ಬೆಲ್ಟ್ ಹರಿದರೆ ವಾಲ್ವುಗಳು ಬಾಗುವುದು ಹೆಚ್ಚುಕಡಿಮೆ ಖಂಡಿತ. ಮೇಲ್ನೋಟಕ್ಕೆ ಬೆಲ್ಟ್ ಚೆನ್ನಾಗಿ ಕಾಣುವುದು ಯಾವ ಭರವಸೆಯನ್ನೂ ಕೊಡುವುದಿಲ್ಲ. ಕಿಲೋಮೀಟರಿನ ಜೊತೆಗೆ ವರ್ಷಗಳ ಮಿತಿಯೂ ಅದಕ್ಕಿದೆ. ಬದಲಿಸುವಾಗ ಟೆನ್ಶನರ್, ಐಡ್ಲರ್ ಮತ್ತು ಅದೇ ಬೆಲ್ಟಿನಿಂದ ತಿರುಗುವ ವಾಟರ್ ಪಂಪನ್ನೂ ಒಟ್ಟಿಗೇ ಬದಲಿಸಬೇಕು. ಚೈನ್ ಇರುವ ಎಂಜಿನ್ನಿನಲ್ಲಿ ತಣ್ಣಗಿರುವಾಗ ಸ್ಟಾರ್ಟ್ ಮಾಡಿದ ಕೂಡಲೇ ಮುಂಭಾಗದಿಂದ ಗಲಗಲ ಸದ್ದು ಬರುತ್ತದೆಯೇ ಎಂದು ಕೇಳಿಸಿಕೊಂಡರೆ ಸದ್ಯಕ್ಕೆ ಸಾಕು.

ಹಂತ 4: ಎಂಜಿನ್ ಆಯಿಲ್

ಡೀಸೆಲ್ ಎಂಜಿನ್ನಿನ ಆಯಿಲ್ ಹಾಕಿದ ಸ್ವಲ್ಪ ದಿನಕ್ಕೇ ಕಪ್ಪಾಗುತ್ತದೆ. ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದು ಅದರ ಕೆಲಸವೇ ಆದ್ದರಿಂದ ಬಣ್ಣ ನೋಡಿ ಏನನ್ನೂ ನಿರ್ಧರಿಸಲಾಗದು. ನೋಡಬೇಕಾದದ್ದು ಮಟ್ಟವನ್ನು. ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಮೇಲಿನ ಗೆರೆಯನ್ನು ದಾಟಿದ್ದು, ಆಯಿಲ್ ತೆಳುವಾಗಿ ಡೀಸೆಲ್ ವಾಸನೆ ಬೀರುತ್ತಿದ್ದರೆ ಸೋರುವ ಇಂಜೆಕ್ಟರಿನಿಂದಲೋ ಮತ್ತೆ ಮತ್ತೆ ಅರ್ಧಕ್ಕೇ ನಿಂತ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ರೀಜನರೇಶನ್‌ನಿಂದಲೋ, ಅಂದರೆ ಅದರಲ್ಲಿ ಕೂತ ಮಸಿಯನ್ನು ಸುಡುವ ಕ್ರಿಯೆಯಿಂದಲೋ, ಡೀಸೆಲ್ ಆಯಿಲ್ಲಿಗೆ ಇಳಿಯುತ್ತಿದೆ. ಅಂಥ ಗಾಡಿಯನ್ನು ಆಯಿಲ್ ಬದಲಿಸದೆ ಓಡಿಸಬಾರದು. ಬೇರಿಂಗ್ ಹಾಳಾಗುವುದಷ್ಟೇ ಅಲ್ಲ, ಹೆಚ್ಚಾದ ಆಯಿಲ್ಲನ್ನೇ ಎಂಜಿನ್ ಇಂಧನವಾಗಿ ಎಳೆದುಕೊಂಡು ಕೀ ತೆಗೆದರೂ ನಿಲ್ಲದೆ ಓಡುವ ಅಪಾಯವಿದೆ.

ಎಂಜಿನ್ ಬಿಸಿಯಿರುವಾಗ ಡ್ರೈನ್ ಬೋಲ್ಟ್ ಬಿಚ್ಚಿ, ಮೊದಲು ಸ್ವಲ್ಪ ಹರಿಯಲು ಬಿಟ್ಟು, ಮಧ್ಯದ ಧಾರೆಯಿಂದ ಒಂದು ಶುಚಿಯಾದ ಬಾಟಲಿಗೆ ಮಾದರಿ ಹಿಡಿದು ಆಯಿಲ್ ಪರೀಕ್ಷೆ ಮಾಡುವ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಹಳೆಯ ಗಾಡಿಯ ವಿಷಯದಲ್ಲಿ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಹೇಳುವ ಪರೀಕ್ಷೆ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ವರದಿಯಲ್ಲಿ ಸಿಲಿಕಾನ್ ಹೆಚ್ಚಿದ್ದರೆ ಗಾಳಿಯ ದಾರಿಯಲ್ಲಿ ಎಲ್ಲೋ ಧೂಳು ನುಗ್ಗುತ್ತಿದೆ. ಸೋಡಿಯಂ, ಪೊಟ್ಯಾಸಿಯಂ ಹೆಚ್ಚಿದ್ದರೆ ಕೂಲಂಟ್ ಬೆರೆಯುತ್ತಿರಬಹುದು. ಸೀಸ ಮತ್ತು ತಾಮ್ರ ಬೇರಿಂಗುಗಳ ಸವೆತವನ್ನು, ಕಬ್ಬಿಣ ಲೈನರ್, ಕ್ಯಾಮ್‌ಗಳ ಸವೆತವನ್ನು ಸೂಚಿಸುತ್ತವೆ. ಹಳೆಯ ಫಿಲ್ಟರನ್ನೂ ಎಸೆಯುವ ಮೊದಲು ಕತ್ತರಿಸಿ ಕಾಗದದ ಮಡಿಕೆಗಳನ್ನು ಬಿಡಿಸಿ ಬೆಳಕಿಗೆ ಹಿಡಿಯಬೇಕು. ಕಣ್ಣಿಗೆ ಕಾಣುವ ಹೊಳೆಯುವ ಚೂರುಗಳು ಇರಬಾರದು.

ಹೊಸ ಆಯಿಲ್ಲನ್ನು ದರ್ಜೆ ನೋಡಿ ಕೊಳ್ಳಬೇಕು. ಎಪಿಐ (ಅಮೆರಿಕನ್ ಪೆಟ್ರೋಲಿಯಂ ಸಂಸ್ಥೆ) ಗೊತ್ತುಮಾಡಿದ ಸಿಕೆ-4 ದರ್ಜೆ 2016ರ ಡಿಸೆಂಬರಿನಲ್ಲಿ ಬಂದಿದ್ದು, ಅದಕ್ಕೂ ಹಿಂದಿನ ಸಿಜೆ-4 ಮತ್ತು ಸಿಐ-4 ದರ್ಜೆಗಳ ಜಾಗದಲ್ಲಿ ಬಳಸುವಂತೆ ರೂಪಿಸಲಾಗಿದೆ. ಅದರ ಜೊತೆಯಲ್ಲೇ ಬಂದ ಎಫ್‌ಎ-4 ತೆಳು ಆಯಿಲ್ ಆಗಿದ್ದು ಹಳೆಯ ಎಂಜಿನ್ನುಗಳಿಗೆ ಹೇಳಿದ್ದಲ್ಲ. ಡಿಪಿಎಫ್ ಇರುವ ಗಾಡಿಗೆ ಬೂದಿ ಕಡಿಮೆ ಬಿಡುವ ಆಯಿಲ್ಲೇ ಬೇಕು. ಒಳಗಿನ ಜಿಡ್ಡನ್ನು ಒಂದೇ ಸಲ ಕರಗಿಸುವ ಫ್ಲಶ್ ದ್ರಾವಣಗಳನ್ನು ಚರಿತ್ರೆ ಗೊತ್ತಿಲ್ಲದ ಎಂಜಿನ್ನಿಗೆ ಹಾಕದಿರುವುದು ಲೇಸು, ಏಕೆಂದರೆ ಕಳಚಿದ ಜಿಡ್ಡು ಆಯಿಲ್ ಎಳೆಯುವ ಜರಡಿಯಲ್ಲಿ ಹೋಗಿ ಕೂರಬಹುದು. ಅದಕ್ಕೆ ಬದಲು ಒಳ್ಳೆಯ ಆಯಿಲ್ ಹಾಕಿ 2,000ದಿಂದ 3,000 ಕಿ.ಮೀ.ಗೆ ಮತ್ತೊಮ್ಮೆ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿದರೆ ಅದೇ ಕೆಲಸ ನಿಧಾನವಾಗಿ, ಅಪಾಯವಿಲ್ಲದೆ ಆಗುತ್ತದೆ.

ಹಂತ 5: ಡೀಸೆಲ್ಲಿನ ದಾರಿ

ಹೆಚ್ಚು ಹಣ ಹೋಗುವುದೂ ಹೆಚ್ಚು ಎಚ್ಚರ ಬೇಕಾದದ್ದೂ ಇಲ್ಲಿಯೇ. ಒಂದೇ ಕೊಳವೆಯಿಂದ ಎಲ್ಲ ಇಂಜೆಕ್ಟರುಗಳಿಗೂ ಡೀಸೆಲ್ ಹೋಗುವ ಕಾಮನ್ ರೇಲ್ ಎಂಜಿನ್ನಿನಲ್ಲಿ ಡೀಸೆಲ್ಲಿನ ಒತ್ತಡ 1,600ರಿಂದ 2,000 ಬಾರ್‌ವರೆಗೂ, ಕೆಲವು ಎಂಜಿನ್ನುಗಳಲ್ಲಿ ಅದಕ್ಕೂ ಮೇಲೆ ಹೋಗುತ್ತದೆ. ಹಳೆಯ ಪಂಪಿನ ಎಂಜಿನ್ನುಗಳಲ್ಲಿ ಓಡುತ್ತಿರುವಾಗಲೇ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದು ನೋಡುವ ರೂಢಿಯಿತ್ತು. ಕಾಮನ್ ರೇಲ್ ಎಂಜಿನ್ನಿನಲ್ಲಿ ಅದನ್ನು ಎಂದಿಗೂ ಮಾಡಬಾರದು. ಸೋರುವ ಜಾಗವನ್ನು ಬೆರಳಿನಿಂದ ಸವರಿ ನೋಡುವುದೂ ಕೂಡದು. ಆ ಒತ್ತಡದ ಸೂಜಿಯಂಥ ಧಾರೆ ಚರ್ಮವನ್ನು ತೂರಿ ಒಳಹೋಗುತ್ತದೆ. ಗಾಯ ಹೊರಗೆ ಚುಕ್ಕೆಯಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಗಾಯ ಅದು.

ಕೆಲಸ ಫಿಲ್ಟರಿನಿಂದ ಶುರುವಾಗಲಿ. ನೀರು ಬೇರ್ಪಡಿಸುವ ಬಟ್ಟಲಿನ ಕೆಳಗಿನ ತಿರುಪನ್ನು ಸಡಿಲಿಸಿ ಗಾಜಿನ ಲೋಟಕ್ಕೆ ಹಿಡಿದು ಹತ್ತು ನಿಮಿಷ ಬಿಟ್ಟರೆ ನೀರು ತಳಕ್ಕಿಳಿದು ಡೀಸೆಲ್ ಮೇಲೆ ನಿಲ್ಲುತ್ತದೆ, ಎರಡರ ನಡುವಿನ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ನೀರಿನ ಮೇಲ್ಭಾಗದಲ್ಲಿ ಕಪ್ಪು ಲೋಳೆಯಿದ್ದರೆ ಟ್ಯಾಂಕಿನೊಳಗೆ ಸೂಕ್ಷ್ಮಜೀವಿಗಳು ಬೆಳೆದಿವೆ. ಟ್ಯಾಂಕ್ ಇಳಿಸಿ ತೊಳೆಯದೆ ಬರಿಯ ಫಿಲ್ಟರ್ ಬದಲಿಸುತ್ತ ಹೋದರೆ ಪ್ರಯೋಜನವಿಲ್ಲ. ತುಕ್ಕಿನ ಕಂದು ಪುಡಿಯಿದ್ದರೂ ಅಷ್ಟೆ. ಹಳೆಯ ಫಿಲ್ಟರಿನ ಮಡಿಕೆಗಳಲ್ಲಿ ಬೆಳ್ಳಿಯಂತೆ ಮಿನುಗುವ ನುಣ್ಣನೆಯ ಪುಡಿ ಕಂಡರೆ ಹೈ ಪ್ರೆಶರ್ ಪಂಪ್ ಒಳಗೇ ಸವೆಯುತ್ತಿರುವ ಸಾಧ್ಯತೆ ಇದೆ. ಆಗ ಇಂಜೆಕ್ಟರುಗಳನ್ನು ಮುಟ್ಟುವ ಮೊದಲು ಪಂಪನ್ನು ಪರೀಕ್ಷಿಸಬೇಕು, ಇಲ್ಲದಿದ್ದರೆ ಹೊಸ ಇಂಜೆಕ್ಟರುಗಳೂ ಅದೇ ಪುಡಿಗೆ ಬಲಿಯಾಗುತ್ತವೆ.

ಹೊಸ ಫಿಲ್ಟರಿಗೆ ಕ್ಯಾನಿನಿಂದ ಡೀಸೆಲ್ ಸುರಿದು ತುಂಬಿಸಿ ಹಾಕುವ ಹಳೆಯ ಪದ್ಧತಿ ಕಾಮನ್ ರೇಲ್ ಎಂಜಿನ್ನಿಗೆ ಒಗ್ಗುವುದಿಲ್ಲ, ಏಕೆಂದರೆ ಸುರಿದದ್ದು ಫಿಲ್ಟರಿನ ಶುದ್ಧ ಭಾಗಕ್ಕೆ ಇಳಿದು ಸೋಸದೆ ಪಂಪಿಗೆ ಹೋಗುತ್ತದೆ. ಒಣ ಫಿಲ್ಟರನ್ನೇ ಹಾಕಿ, ಕೈ ಪಂಪನ್ನು ಅದು ಗಟ್ಟಿಯಾಗುವವರೆಗೆ ಒತ್ತಬೇಕು; ಎಲೆಕ್ಟ್ರಿಕ್ ಪಂಪ್ ಇದ್ದರೆ ಸೆಲ್ಫ್ ಹೊಡೆಯದೆ ಕೀಯನ್ನು ಕೆಲವು ಸಲ ಆನ್ ಮಾಡಿ ಆಫ್ ಮಾಡಬೇಕು. ಏರ್ ಪೂರ್ತಿ ಹೋಗುವ ಮೊದಲೇ ಸೆಲ್ಫ್ ಹೊಡೆಯುತ್ತ ಕೂತರೆ ಡೀಸೆಲ್ಲಿನಿಂದಲೇ ಜಾರುಗುಣ ಪಡೆಯುವ ಪಂಪ್ ಒಣಗಿ ತಿರುಗುತ್ತದೆ.

ಇಂಜೆಕ್ಟರುಗಳನ್ನು ಬಿಚ್ಚದೆಯೇ ಅವುಗಳ ಆರೋಗ್ಯ ತಿಳಿಯಲು ಎರಡು ದಾರಿಗಳಿವೆ. ಸ್ಕ್ಯಾನರಿನಲ್ಲಿ ಪ್ರತಿ ಸಿಲಿಂಡರಿಗೂ ಕಂಪ್ಯೂಟರ್ ಮಾಡುತ್ತಿರುವ ತಿದ್ದುಪಡಿಯ ಅಂಕಿ ಸಿಗುತ್ತದೆ. ಒಂದರದ್ದು ಮಾತ್ರ ಉಳಿದವಕ್ಕಿಂತ ಬಹಳ ದೂರವಿದ್ದರೆ ಅದನ್ನು ಗುರುತಿಸಿಟ್ಟುಕೊಳ್ಳಬೇಕು. ಇನ್ನೊಂದು ದಾರಿಯಲ್ಲಿ ಪ್ರತಿ ಇಂಜೆಕ್ಟರಿನ ರಿಟರ್ನ್ ಪೈಪನ್ನು ಒಂದೊಂದು ಬಾಟಲಿಗೆ ಬಿಟ್ಟು, ಎಂಜಿನ್ನನ್ನು ಐಡಲ್‌ನಲ್ಲಿ ಓಡಿಸಿ, ಎಷ್ಟೆಷ್ಟು ಡೀಸೆಲ್ ವಾಪಸು ಬಂತೆಂದು ಹೋಲಿಸಬೇಕು. ಇಂಜೆಕ್ಟರಿನ ಬುಡದಲ್ಲಿ ಟಾರಿನಂಥ ಗಟ್ಟಿ ಕಪ್ಪು ಕಟ್ಟಿದ್ದು ಚಫ್ ಚಫ್ ಎಂಬ ಸದ್ದು ಬರುತ್ತಿದ್ದರೆ ಕೆಟ್ಟಿರುವುದು ಬಹುಶಃ ಕೆಳಗಿನ ತಾಮ್ರದ ವಾಷರ್ ಮಾತ್ರ.

ಹಂತ 6: ಗಾಳಿ, ಟರ್ಬೊ ಮತ್ತು ಹೊಗೆಯ ದಾರಿ

ಏರ್ ಫಿಲ್ಟರ್ ಬದಲಿಸುವುದು ಐದು ನಿಮಿಷದ ಕೆಲಸ. ಅದಾದ ಮೇಲೆ ಫಿಲ್ಟರಿಗೂ ಟರ್ಬೊಗೂ ನಡುವಿನ ಪೈಪನ್ನು ಬಿಚ್ಚಿ ಒಳಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಬೇಕು. ತೆಳು ಆಯಿಲ್ ಹತ್ತಿದರೆ ಸಹಜ. ಮರಳಿನಂತೆ ಕೈಗೆ ತಾಕುವ ಧೂಳು ಹತ್ತಿದರೆ ಫಿಲ್ಟರ್ ಸರಿಯಾಗಿ ಕೂರದೆ ಅಥವಾ ಪೈಪು ಸೀಳಿ ಎಂಜಿನ್ ಧೂಳು ತಿಂದಿದೆ. ಪೈಪು ಬಿಚ್ಚಿರುವಾಗಲೇ ಟರ್ಬೊ ಚಕ್ರವನ್ನು ಹಿಡಿದು ಅಲುಗಿಸಬಹುದು: ಅಕ್ಕಪಕ್ಕಕ್ಕೆ ಕೊಂಚ ಆಟವಿರುವುದು ಅದರ ರಚನೆಯೇ, ಹಿಂದೆಮುಂದೆ ಆಟ ಕೈಗೆ ತಿಳಿಯಬಾರದು, ರೆಕ್ಕೆಗಳು ಗೋಡೆಗೆ ತಾಗಿದ ಗೀರುಗಳಂತೂ ಇರಲೇಬಾರದು. ಇಂಟರ್‌ಕೂಲರಿನ ರಬ್ಬರ್ ಪೈಪುಗಳ ಅಡಿಭಾಗದ ಸೀಳು ಮೇಲಿನಿಂದ ಕಾಣುವುದಿಲ್ಲವಾದ್ದರಿಂದ ಕೈಯಾಡಿಸಿ ನೋಡಬೇಕು.

ಡಿಪಿಎಫ್‌ನಲ್ಲಿ ಕೂತ ಮಸಿ ಸುಮಾರು 600 ಡಿಗ್ರಿ ಶಾಖದಲ್ಲಿ ಉರಿದು ಹೋಗುತ್ತದೆ, ಆದರೆ ಆಯಿಲ್ಲಿನ ಬೂದಿ ಉರಿಯುವುದಿಲ್ಲ. ಹೆಚ್ಚು ಓಡಿದ ಗಾಡಿಯಲ್ಲಿ ರೀಜನರೇಶನ್ ಮತ್ತೆ ಮತ್ತೆ ಬರುತ್ತಿದ್ದರೆ ಬೂದಿಯೇ ಜಾಗ ತಿಂದಿರಬಹುದು. ಬಿಚ್ಚಿ ಶುಚಿಗೊಳಿಸುವುದೇ ಅದಕ್ಕೆ ಮದ್ದು. ಅದಕ್ಕೂ ಮೊದಲು ಒತ್ತಡ ಅಳೆಯುವ ಸೆನ್ಸರಿನ ಸಣ್ಣ ರಬ್ಬರ್ ನಳಿಕೆಗಳು ಒಡೆದಿಲ್ಲವೆಂದು ನೋಡಿಕೊಳ್ಳಬೇಕು. ಡಿಪಿಎಫ್ ಕಿತ್ತೆಸೆಯುವ ಸಲಹೆ ಕೊಡುವವರು ಎಲ್ಲೆಡೆ ಸಿಗುತ್ತಾರೆ. ಅನೇಕ ದೇಶಗಳಲ್ಲಿ ಅದು ಕಾನೂನಿಗೆ ವಿರುದ್ಧ.

ಹಂತ 7: ಕೂಲಿಂಗ್

ತಣ್ಣಗಿರುವ ಎಂಜಿನ್ನಿನಲ್ಲಷ್ಟೇ ರೇಡಿಯೇಟರ್ ಮುಚ್ಚಳ ತೆಗೆಯಬೇಕು. ಕೂಲಂಟ್ ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ ಯಾರೋ ಬರಿಯ ನೀರು ತುಂಬಿಸುತ್ತ ಬಂದಿದ್ದಾರೆ. ಮೇಲೆ ಆಯಿಲ್ ತೇಲುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಎಂದು ಕೂಡಲೇ ತೀರ್ಮಾನಿಸದೆ ಆಯಿಲ್ ಕೂಲರನ್ನೂ ಪರೀಕ್ಷಿಸಬೇಕು. ತಣ್ಣಗಿರುವಾಗ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ ಸಿಲಿಂಡರಿನ ಗ್ಯಾಸ್ ಕೂಲಂಟಿಗೆ ನುಗ್ಗುತ್ತಿರುವ ಅನುಮಾನ ಬಲವಾಗುತ್ತದೆ.

ಪೂರ್ತಿ ಬಸಿದು, ಶುದ್ಧ ನೀರಿನಿಂದ ತೊಳೆದು, ಮ್ಯಾನುಯಲ್ ಹೇಳಿದ ಜಾತಿಯ ಕೂಲಂಟನ್ನು ಡಿಸ್ಟಿಲ್ಡ್ ನೀರಿನೊಡನೆ ಅರ್ಧಕ್ಕರ್ಧ ಬೆರೆಸಿ ತುಂಬಬೇಕು. ಬಣ್ಣ ಒಂದೇ ಇದ್ದ ಮಾತ್ರಕ್ಕೆ ಜಾತಿಯೂ ಒಂದೇ ಎಂದುಕೊಳ್ಳಬಾರದು. ಥರ್ಮೋಸ್ಟಾಟ್, ಹೋಸುಗಳು ಮತ್ತು ರೇಡಿಯೇಟರ್ ಮುಚ್ಚಳವನ್ನು ಇದೇ ಸಲ ಬದಲಿಸಬೇಕು. 1 ಬಾರ್ ಒತ್ತಡದ ಮುಚ್ಚಳ ನೀರಿನ ಕುದಿಬಿಂದುವನ್ನು ಸುಮಾರು 120 ಡಿಗ್ರಿಗೆ ಏರಿಸುತ್ತದೆ, ಸ್ಪ್ರಿಂಗ್ ಸೋತ ಮುಚ್ಚಳ ಆ ರಕ್ಷಣೆ ಕೊಡುವುದಿಲ್ಲ. ಬಸಿದ ಕೂಲಂಟ್ ಸಿಹಿಯಾಗಿದ್ದು ಪ್ರಾಣಿಗಳಿಗೆ ವಿಷವಾದ್ದರಿಂದ ತೆರೆದ ಪಾತ್ರೆಯಲ್ಲಿ ಬಿಡಬಾರದು.

ಹಂತ 8: ಗೇರ್ ಬಾಕ್ಸ್ ಮತ್ತು ಡಿಫರೆನ್ಷಿಯಲ್

ಡ್ರೈನ್ ಬೋಲ್ಟಿಗೆ ಪಾನಾ ಹಾಕುವ ಮೊದಲು ತುಂಬುವ ಬೋಲ್ಟನ್ನು ಬಿಚ್ಚಿ ನೋಡಬೇಕು. ಎಷ್ಟೋ ವರ್ಷ ಮುಟ್ಟದ ಆ ಬೋಲ್ಟ್ ತುಕ್ಕು ಹಿಡಿದು ಬಿಚ್ಚಲಾಗದೆ ಹೋದರೆ, ಆಯಿಲ್ ಬಸಿದುಕೊಂಡ ಗಾಡಿ ಇದ್ದಲ್ಲಿಯೇ ನಿಲ್ಲಬೇಕಾಗುತ್ತದೆ. ಅಯಸ್ಕಾಂತದ ಬೋಲ್ಟಿಗೆ ಬೂದು ಬಣ್ಣದ ನುಣ್ಣನೆಯ ಪೇಸ್ಟ್ ಅಂಟಿರುವುದು ಸವೆತದ ಸಹಜ ಗುರುತು. ಉಗುರಿಗೆ ಸಿಗುವ ಚೂರುಗಳು ಹಲ್ಲು ಮುರಿದಿದ್ದರ ಗುರುತು. ಆಯಿಲ್ ಹಾಲು ಬೆರೆಸಿದಂತಿದ್ದರೆ ನೀರು ಹೊಕ್ಕಿದೆ, ಆಗ ಮೇಲಿನ ಬ್ರೀದರ್ ನಳಿಕೆಯನ್ನೂ ನೋಡಬೇಕು.

ಕೈಯಿಂದ ಬದಲಿಸುವ ಗೇರ್ ಬಾಕ್ಸಿಗೆ ಮ್ಯಾನುಯಲ್ ಜಿಎಲ್-4 ದರ್ಜೆಯ ಆಯಿಲ್ ಹೇಳಿದ್ದರೆ ಡಿಫರೆನ್ಷಿಯಲ್ಲಿನ ಜಿಎಲ್-5 ಆಯಿಲ್ಲನ್ನೇ ಸುರಿದು ಮುಗಿಸಬಾರದು. ಅದು ಹಿತ್ತಾಳೆಯ ಸಿಂಕ್ರೊ ರಿಂಗುಗಳಿಗೆ ಒಗ್ಗದಿರಬಹುದು. ಆಟೊಮ್ಯಾಟಿಕ್ ಗೇರ್ ಬಾಕ್ಸಿನಲ್ಲಿ ಬಸಿದಾಗ ಬರುವುದು ಒಂದು ಭಾಗ ಮಾತ್ರ, ಉಳಿದದ್ದು ಟಾರ್ಕ್ ಕನ್ವರ್ಟರಿನಲ್ಲಿಯೇ ನಿಲ್ಲುತ್ತದೆ. ಯಂತ್ರದ ಒತ್ತಡದಿಂದ ಒಂದೇ ಸಲ ಎಲ್ಲವನ್ನೂ ತಳ್ಳುವುದಕ್ಕಿಂತ ಬಸಿದು ತುಂಬುವುದನ್ನು ಕೆಲವು ನೂರು ಕಿ.ಮೀ. ಅಂತರದಲ್ಲಿ ಎರಡು ಮೂರು ಸಲ ಮಾಡುವುದನ್ನೇ ನಾನು ಮೆಚ್ಚುತ್ತೇನೆ. ಆಯಿಲ್ ಈಗಾಗಲೇ ಸುಟ್ಟ ವಾಸನೆ ಬೀರಿ ಗೇರ್ ಜಾರುತ್ತಿದ್ದರೆ ಹೊಸ ಆಯಿಲ್ ಅದನ್ನು ಗುಣಪಡಿಸುವುದಿಲ್ಲ. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸುಗಳಿಗೆ ನಿಪ್ಪಲ್ ಇದ್ದರೆ ಹಳೆಯ ಗ್ರೀಸ್ ನಾಲ್ಕೂ ಬಾಯಿಗಳಿಂದ ಹೊರಬರುವವರೆಗೆ ಹೊಸದನ್ನು ಒತ್ತಬೇಕು.

ಹಂತ 9: ಬ್ಯಾಟರಿ ಮತ್ತು ಗ್ಲೋ ಪ್ಲಗ್

ಪೂರ್ತಿ ಚಾರ್ಜ್ ಆಗಿ ವಿಶ್ರಾಂತಿಯಲ್ಲಿರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಬೇಕು, ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.7 ವೋಲ್ಟ್ ಇರಬೇಕು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿಯಬಾರದು. ಎರಡು ಬ್ಯಾಟರಿಗಳಿರುವ ಗಾಡಿಯಲ್ಲಿ ಎರಡನ್ನೂ ಒಟ್ಟಿಗೇ ಬದಲಿಸಬೇಕು. ಅರ್ತ್ ತಂತಿಗಳ ತುದಿಯನ್ನು ಬಿಚ್ಚಿ ಉಜ್ಜಿ ಬಿಗಿದರೆ ಅರ್ಥವಾಗದ ಎಷ್ಟೋ ವಿದ್ಯುತ್ ತೊಂದರೆಗಳು ಅಲ್ಲಿಗೇ ಮುಗಿಯುತ್ತವೆ.

ಗ್ಲೋ ಪ್ಲಗ್ಗುಗಳನ್ನು ಬಿಚ್ಚದೆ ಮೀಟರಿನಿಂದ ಅಳೆಯಬಹುದು. ಲೋಹದ ಪ್ಲಗ್ಗಿನ ರೋಧ ಸಾಮಾನ್ಯವಾಗಿ 1 ಓಮ್ ಆಸುಪಾಸಿನಲ್ಲಿರುತ್ತದೆ, ಸುಟ್ಟದ್ದು ಸಂಪರ್ಕವನ್ನೇ ತೋರುವುದಿಲ್ಲ. ಹೊಸ ಎಂಜಿನ್ನುಗಳಲ್ಲಿ ಕಡಿಮೆ ವೋಲ್ಟಿನ ಪ್ಲಗ್ಗುಗಳಿರುವುದರಿಂದ ನೇರವಾಗಿ 12 ವೋಲ್ಟ್ ಕೊಟ್ಟು ಪರೀಕ್ಷಿಸಬಾರದು. ಬಿಚ್ಚಲೇಬೇಕಾದರೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ದಿನ ಕಾದು, ಬಿಸಿ ಎಂಜಿನ್ನಿನಲ್ಲಿ, ಮ್ಯಾನುಯಲ್ ಹೇಳುವ ಮಿತಿಯನ್ನು ಮೀರದ ಬಲದಲ್ಲಿ ತಿರುಗಿಸಬೇಕು. ಬರದಿದ್ದರೆ ಬಿಟ್ಟುಬಿಡುವುದು ಒಳ್ಳೆಯದು. ಮುರಿದ ಪ್ಲಗ್ಗಿನ ತುದಿಗಾಗಿ ಹೆಡ್ ಇಳಿಸುವುದಕ್ಕಿಂತ ತಣ್ಣನೆಯ ಬೆಳಗಿನಲ್ಲಿ ಕೊಂಚ ಹೊಗೆ ಸಹಿಸುವುದು ಅಗ್ಗ.

ಹಂತ 10: 1,000 ಕಿ.ಮೀ. ಓಡಿದ ಮೇಲೆ

ಹೊಸ ದ್ರವಗಳೊಂದಿಗೆ ಸುಮಾರು 1,000 ಕಿ.ಮೀ. ಓಡಿದ ಮೇಲೆ ಚಕ್ರದ ನಟ್ಟುಗಳನ್ನು, ಸ್ಪ್ರಿಂಗಿನ ಯು ಬೋಲ್ಟುಗಳನ್ನು ಟಾರ್ಕ್ ಪಾನಾದಿಂದ ಮತ್ತೆ ಬಿಗಿದು ನೋಡಬೇಕು. ಕೂಲಂಟ್ ಮಟ್ಟ ಸ್ವಲ್ಪ ಇಳಿದಿದ್ದರೆ ಒಳಗೆ ಸಿಕ್ಕಿಕೊಂಡಿದ್ದ ಗಾಳಿ ಹೊರಬಂದಿರಬಹುದು. ತುಂಬಿಸಿದ ಮೇಲೂ ಇಳಿಯುತ್ತಲೇ ಇದ್ದರೆ ಸೋರಿಕೆ ಹುಡುಕಬೇಕು. ಡೀಸೆಲ್ ಫಿಲ್ಟರಿನ ನೀರನ್ನು ಇನ್ನೊಮ್ಮೆ ಅದೇ ಲೋಟಕ್ಕೆ ಹಿಡಿದು ಮೊದಲ ಸಲದ ಟಿಪ್ಪಣಿಯೊಡನೆ ಹೋಲಿಸಬೇಕು. 2,000ದಿಂದ 3,000 ಕಿ.ಮೀ.ಗೆ ಬರುವ ಎರಡನೆಯ ಆಯಿಲ್ ಬದಲಾವಣೆಯಲ್ಲಿ ಮತ್ತೊಂದು ಮಾದರಿಯನ್ನು ಪರೀಕ್ಷೆಗೆ ಕಳುಹಿಸಿದರೆ, ಮೊದಲ ವರದಿಯ ಕಬ್ಬಿಣ ಮತ್ತು ಸಿಲಿಕಾನ್ ಹಿಂದಿನವರ ನಿರ್ಲಕ್ಷ್ಯದ ಕೂಡುಮೊತ್ತವೋ ಈಗಲೂ ನಡೆಯುತ್ತಿರುವ ಸವೆತವೋ ಎಂಬುದು ತಿಳಿಯುತ್ತದೆ. ಓಡಿದ ದೂರಕ್ಕೆ ಹೋಲಿಸಿದಾಗ ಅಂಕಿಗಳು ಇಳಿದಿದ್ದರೆ ಅಲ್ಲಿಂದ ಮುಂದೆ ಮ್ಯಾನುಯಲ್ ಹೇಳುವ ಮಾಮೂಲಿ ಅಂತರಕ್ಕೆ ಹೋಗಬಹುದು, ಇಳಿಯದಿದ್ದರೆ ಇಂಟೇಕ್ ಪೈಪುಗಳಿಂದ ಹುಡುಕಾಟವನ್ನು ಮತ್ತೆ ಶುರು ಮಾಡಬೇಕು.